ಕಾಸರಗೋಡಿನ ಕಥೆಗೆ ಪಾತ್ರಗಳ ಹೆಸರು ಹುಡುಕುವುದು ಹೇಗೆ?

ಅಡಿಕೆ ತೋಟದವಳು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಬದಿಯಡ್ಕ ಕಡೆಯವಳು. ಎರಡು ವರ್ಷದಿಂದ ಒಂದು ಕಾದಂಬರಿ ಬರೆಯುತ್ತಿದ್ದೇನೆ. 1956ರ ನವೆಂಬರ್ 1ರಂದು, ನಮ್ಮ ಊರು ಕೇರಳಕ್ಕೆ ಸೇರಿದ ದಿನ, ಕಥೆ ಶುರುವಾಗುತ್ತದೆ. 1984ರ ಮೇ 24ರಂದು, ಕಾಸರಗೋಡು ಬೇರೆ ಜಿಲ್ಲೆಯಾದ ದಿನ, ಮುಗಿಯುತ್ತದೆ. ಒಂದು ಹವ್ಯಕರ ಮನೆ, ಅವರ ಭೂಮಿಯನ್ನು ಗೇಣಿಗೆ ಮಾಡುವ ಒಕ್ಕಲಿನ ಕುಟುಂಬ, ಪೇಟೆಯ ಒಬ್ಬ ಅಂಗಡಿಯವರು, ಶಾಲೆಯ ಮಾಷ್ಟ್ರು. ಒಟ್ಟು ಹದಿನಾಲ್ಕು ಪಾತ್ರಗಳು.

ಕಥೆ ಮುಂದೆ ಹೋಗುತ್ತಿದೆ, ಹೆಸರುಗಳು ಮಾತ್ರ ನಿಲ್ಲುತ್ತಿಲ್ಲ. ಮೊದಲ ಸಲ ಬರೆದಾಗ ರಾಘವ, ರಾಮಚಂದ್ರ, ರತ್ನ, ರಾಜೀವಿ ಅಂತ ಎಲ್ಲ 'ರ'ದಲ್ಲೇ ಬಂತು. ನನಗೆ ಗೊತ್ತೇ ಆಗಲಿಲ್ಲ. ತಂಗಿ ಓದಿ, "ಅಕ್ಕ, ಮೂವತ್ತನೇ ಪುಟಕ್ಕೆ ಬರುವಾಗ ಯಾರು ಯಾರ ಮಗ ಅಂತ ಮರೆತೇಹೋಯಿತು" ಅಂದಳು. ಮತ್ತೆ ಮಕ್ಕಳ ಹೆಸರಿನ ಪುಸ್ತಕ ತೆಗೆದು ಒಳ್ಳೆಯ ಅರ್ಥ ಇರುವ ಹೆಸರು ಹುಡುಕಿದೆ. ಮೇಘನಾ, ಅನಿರುದ್ಧ. ಆದರೆ 1956ರಲ್ಲಿ ನಮ್ಮ ತೋಟದ ಬದಿಯಲ್ಲಿ ಮೇಘನಾ ಎಲ್ಲಿದ್ದಳು? ಹೆಸರು ಬದಲಿಸಿದ ಕೂಡಲೇ ಅವಳು ಸೊಪ್ಪು ತರುವುದನ್ನೇ ಬಿಟ್ಟ ಹಾಗೆ ಅನ್ನಿಸಿತು.

ಇನ್ನೊಂದು ಭಯವೂ ಇದೆ. ಮೊದಲು ಒಂದು ಸ್ಮರಣ ಸಂಚಿಕೆಗೆ ಸಣ್ಣ ಕಥೆ ಕೊಟ್ಟಿದ್ದೆ. ಅದರಲ್ಲಿ ಸಾಲ ತೀರಿಸದ ಒಬ್ಬರಿಗೆ ಸುಮ್ನೆ ಕಿವಿಗೆ ಚೆಂದ ಕೇಳುತ್ತದೆ ಅಂತ ಹತ್ತಿರದ ಒಂದು ಮನೆಯ ಹೆಸರು ಇಟ್ಟೆ. ಆ ಮನೆಯವರು ಅಪ್ಪನ ಹತ್ತಿರ ಮಾತು ಬಿಟ್ಟರು. ಅವರ ಮಗಳ ಮದುವೆಗೆ ನಮಗೆ ಹೇಳಿಕೆ ಬರಲಿಲ್ಲ. ಅಪ್ಪ ನನಗೆ ಒಂದು ಮಾತೂ ಹೇಳಲಿಲ್ಲ. ಅದೇ ಹೆಚ್ಚು ನೋವಾದದ್ದು.

ನೀವೆಲ್ಲ ಹೆಸರು ಎಲ್ಲಿಂದ ತರುತ್ತೀರಿ? ಕಾಲಕ್ಕೂ ಊರಿಗೂ ಹೊಂದಬೇಕು, ಯಾರ ಮನಸ್ಸಿಗೂ ನೋವಾಗಬಾರದು.

ಪೆರ್ಲದವ, ಈಗ ಬೆಂಗಳೂರು:

ಅಕ್ಕ, 'ರ' ಸಮಸ್ಯೆಗೆ ನಾನು ಮಾಡುವುದು ಹೇಳುತ್ತೇನೆ. ಒಂದು ಹಾಳೆಯಲ್ಲಿ ಅ ಆ ಇ ಈ ಕ ಖ ಅಂತ ಉದ್ದಕ್ಕೆ ಬರೆಯುತ್ತೇನೆ. ಒಂದು ಅಕ್ಷರಕ್ಕೆ ಒಬ್ಬರೇ ಮುಖ್ಯ ಪಾತ್ರ. ಓದುವವರು ಹೆಸರನ್ನು ಪೂರ್ತಿ ಓದುವುದಿಲ್ಲ, ಮೊದಲ ಅಕ್ಷರ ಮತ್ತು ಉದ್ದ ನೋಡಿ ಗುರುತು ಹಿಡಿಯುತ್ತಾರೆ. ಹಾಗಾಗಿ ಒಬ್ಬ ಈಶ್ವರ ಇದ್ದರೆ ಇನ್ನೊಬ್ಬ ತಿರುಮಲೇಶ್ವರ ಇರಲಿ. ಕೊನೆ ಒಂದೇ ಆದರೂ ಗಲಿಬಿಲಿ ಆಗುವುದಿಲ್ಲ.

ಹೊಸ ಅಕ್ಷರ ಹೊಳೆಯದಿದ್ದರೆ ಪಾತ್ರಕ್ಕೆ ಒಂದು ಜನ್ಮನಕ್ಷತ್ರ ಕೊಡಿ. 27 ನಕ್ಷತ್ರ, ಒಂದೊಂದಕ್ಕೆ 4 ಪಾದ, ಒಟ್ಟು 108 ಅಕ್ಷರ ಸಿಗುತ್ತದೆ. ಅಶ್ವಿನಿಗೆ ಚು, ಚೇ, ಚೋ, ಲಾ. ರೋಹಿಣಿಗೆ ಓ, ವಾ, ವೀ, ವೂ. ನಾವಾಗಿ ಯೋಚಿಸಿದರೆ ತಿರುಗಿ ತಿರುಗಿ ರ, ಸ, ಪ ಇಷ್ಟಕ್ಕೇ ಬರುತ್ತೇವೆ. ನಾನು ಬರೆಯುವುದು ಇಲ್ಲದ ಲೋಕದ ಕಥೆ. ಅಲ್ಲಿಗೂ ಇದೇ ಮಾಡುತ್ತೇನೆ.

ಮೊಳೆ ಜೋಡಿಸುವವ:

ಮಗಳೇ, ನಾನು ಕಥೆ ಬರೆಯುವವನಲ್ಲ. ಆದರೆ ಹೆಸರು ಜೋಡಿಸಿದವ. 1979ರಲ್ಲಿ ಹದಿನೇಳು ವರ್ಷದವನಾಗಿದ್ದಾಗ ಒಂದು ಸಣ್ಣ ಪ್ರೆಸ್ಸಿಗೆ ಸೇರಿದೆ. ಮೊದಲು ಸೀಸದ ಮೊಳೆ, ಅಂದರೆ ಒಂದೊಂದೇ ಅಕ್ಷರದ ಅಚ್ಚು, ಆಮೇಲೆ ಕಂಪ್ಯೂಟರ್. ಮದುವೆ ಹೇಳಿಕೆ ಕಾಗದ, ಉತ್ತರಕ್ರಿಯೆ ಕಾಗದ, ಬ್ರಹ್ಮಕಲಶದ ಆಮಂತ್ರಣ, ಒತ್ತೆಕೋಲದ ಕಾಗದ, ಯಕ್ಷಗಾನದ ಹ್ಯಾಂಡ್‌ಬಿಲ್. ಮೂವತ್ತನಾಲ್ಕು ವರ್ಷ ಹೆಚ್ಚಾಗಿ ಇದೇ ಕೆಲಸ. ನಿಮ್ಮ ಪ್ರಶ್ನೆ ಓದಿ ರಾತ್ರಿ ನಿದ್ದೆ ಬರಲಿಲ್ಲ. ಅದಕ್ಕೇ ಉದ್ದ ಬರೆಯುತ್ತಿದ್ದೇನೆ.

ನನಗೆ ಕಂಡ ಮುಖ್ಯ ಸಂಗತಿ ಇದು. ಮದುವೆ ಕಾಗದದಲ್ಲಿ ಬರುವುದು ಇಟ್ಟ ಹೆಸರು. ಉತ್ತರಕ್ರಿಯೆ ಕಾಗದದಲ್ಲಿ ಕರೆದ ಹೆಸರೂ ಬರಬೇಕು. ಮದುವೆ ಕಾಗದಕ್ಕೆ 'ಚಿ॥ರಾ॥ ಪರಮೇಶ್ವರ' ಅಂತ ಬರೆದುಕೊಂಡು ಬರುತ್ತಾರೆ. ಐವತ್ತು ವರ್ಷ ಕಳೆದು ಅದೇ ಮನುಷ್ಯ ತೀರಿಕೊಂಡಾಗ ಪರಮೇಶ್ವರ ಅಂತ ಮಾತ್ರ ಅಚ್ಚು ಹಾಕಿದರೆ ಹೋದದ್ದು ಯಾರೆಂದು ಊರಿಗೆ ಗೊತ್ತಾಗುವುದಿಲ್ಲ. ಆಗ ಮಗ ಪ್ರೂಫ್ ಹಿಡಿದುಕೊಂಡು, "ಕೆಳಗೆ ಕುಂಞಣ್ಣ ಅಂತ ಹಾಕಿ, ಎಲ್ಲರೂ ಹಾಗೇ ಕರೆಯುವುದು" ಅನ್ನುತ್ತಾನೆ. ನಿಮ್ಮ ಹದಿನಾಲ್ಕು ಜನಕ್ಕೂ ಈ ಎರಡು ಕಾಗದ ಬರೆದು ನೋಡಿ. ಮದುವೆ ಕಾಗದ ಒಂದು, ಉತ್ತರಕ್ರಿಯೆ ಕಾಗದ ಒಂದು. ಯಾರ ಉತ್ತರಕ್ರಿಯೆ ಕಾಗದ ಬರೆಯಲು ಆಗುವುದಿಲ್ಲವೋ ಆ ಪಾತ್ರ ನಿಮಗಿನ್ನೂ ಸರಿಯಾಗಿ ಗೊತ್ತಿಲ್ಲ ಅಂತ ನನ್ನ ಅಭಿಪ್ರಾಯ.

ಇಲ್ಲಿ ಒಬ್ಬನಿಗೆ ಒಂದೇ ಹೆಸರು ಇರುವುದಿಲ್ಲ ಮಾರಾಯ್ತಿ. ಸಪ್ತಭಾಷೆಯ ಊರು ಅನ್ನುತ್ತೇವಲ್ವಾ. ನಿಮ್ಮ ಹವ್ಯಕರ ಯಜಮಾನ ತಿರುಮಲೇಶ್ವರ ಭಟ್ ಅಂತ ಇಟ್ಟುಕೊಳ್ಳಿ. ಅವನ ಅಬ್ಬೆ, ಅಂದರೆ ಅಮ್ಮ, 'ತಿರುಮಲ' ಅನ್ನುತ್ತಾರೆ. ಹೆಂಡತಿ ಹೆಸರು ಹೇಳುವುದೇ ಇಲ್ಲ, 'ಇವು' ಅಷ್ಟೇ. ಕೆಲಸದವರಿಗೆ 'ಧಣಿಗಳು'. ಪೇಟೆಯಲ್ಲಿ 'ಭಟ್ರೇ'. ಸರಕಾರಿ ಕಾಗದ ಮಲಯಾಳದಲ್ಲಿ ಬರುವಾಗ 'ತಿರುಮಲೇಶ್ವರನ್' ಆಗಿ ಕೊನೆಗೊಂದು 'ನ್' ಸೇರಿಕೊಳ್ಳುತ್ತದೆ. ನನ್ನ ಅಪ್ಪನ ರೇಷನ್ ಕಾರ್ಡಿನಲ್ಲೂ ಹಾಗೇ ಆಗಿತ್ತು. ಅವರು ಅದನ್ನು ಕೈಯಲ್ಲಿ ಹಿಡಿದುಕೊಂಡು ತುಂಬ ಹೊತ್ತು ನೋಡುತ್ತಾ ಕೂತಿದ್ದು ನನಗೆ ನೆನಪಿದೆ. 1956ರ ಕಥೆ ಬರೆಯುವವರಿಗೆ ಆ ಒಂದು 'ನ್' ಸಾಕು. ಬೇರೆ ವಿವರಣೆ ಬೇಡ.

ಅದಕ್ಕೆ ಅರ್ಥ ನೋಡಿ ಹೆಸರು ಇಡಬೇಡಿ. ಯಾರು ಕರೆಯುತ್ತಾರೆ, ಎಲ್ಲಿ ನಿಂತು ಕರೆಯುತ್ತಾರೆ ಅಂತ ಕೇಳಿಸಿಕೊಳ್ಳಿ. ಕಯ್ಯಾರ ಕಿಞ್ಞಣ್ಣ ರೈಗಳ ಹೆಸರು ತೆಗೆದುಕೊಳ್ಳಿ. ಕಯ್ಯಾರ ಅನ್ನುವುದು ಊರು. ಕಿಞ್ಞಣ್ಣ ಅಂದರೆ ತುಳುವಿನಲ್ಲಿ ಸಣ್ಣಣ್ಣ, ಮನೆಯೊಳಗಿನ ಕರೆ. ರೈ ಅಂದರೆ ಬಂಟರು ಅಂತ ಗೊತ್ತಾಗುತ್ತದೆ. ಮೂರು ಮಾತಿನಲ್ಲಿ ಊರು, ಮನೆ, ಮನೆತನ ಎಲ್ಲ ಬಂತು. 1915ರಿಂದ 2015ರವರೆಗೆ ಬಾಳಿದ ದೊಡ್ಡ ಕವಿ, ಕೊನೆಯವರೆಗೂ ಕಿಞ್ಞಣ್ಣನೇ.

ಆ ಞ ಬಗ್ಗೆ ಹೇಳಲೇಬೇಕು. ಬೇರೆ ಕಡೆ ಞ ಅಂದರೆ ಮಕ್ಕಳು ವರ್ಣಮಾಲೆಯಲ್ಲಿ ಓದಿ ಮರೆಯುವ ಅಕ್ಷರ. ನಮಗೆ ಹಾಗಲ್ಲ. ಕುಂಞಿ, ಕುಂಞಣ್ಣ, ಕುಂಞಮ್ಮ, ಕಾಞಂಗಾಡು. ನಮ್ಮ ಮೊಳೆ ಪೆಟ್ಟಿಗೆಯಲ್ಲಿ ಞ ಮೊಳೆ ಇದ್ದದ್ದೇ ಕಡಿಮೆ. ಒಂದು ಬ್ರಹ್ಮಕಲಶದ ಸಮಿತಿಯ ಪಟ್ಟಿ ಬಂದರೆ ಖಾಲಿ. ಒಮ್ಮೆ ಹಾಗೆ ಖಾಲಿಯಾದಾಗ ಒಬ್ಬ ಅಜ್ಜಿಯ ಉತ್ತರಕ್ರಿಯೆ ಕಾಗದದಲ್ಲಿ ನಾನು ಕುಂಞಮ್ಮನ ಬದಲು ಕುಂಜಮ್ಮ ಅಂತ ಜೋಡಿಸಿದೆ. 250 ಕಾಗದ ಅಚ್ಚಾಯಿತು. ಮಗ ಬಂದು ಒಂದನ್ನು ತೆಗೆದು ಓದಿದರು. ಬೈಯಲಿಲ್ಲ. "ಇದು ನನ್ನ ಅಮ್ಮ ಅಲ್ಲ" ಅಂದರು. ಅಷ್ಟೇ. ನಾನು ಆ ರಾತ್ರಿ ಬೇರೆ ಪ್ರೆಸ್ಸಿನಿಂದ ಎರಡು ಞ ಮೊಳೆ ಕೇಳಿ ತಂದು 250ನ್ನೂ ಪುನಃ ಅಚ್ಚು ಹಾಕಿದೆ. ಒಂದು ಅಕ್ಷರ ಆಚೀಚೆ ಆದರೆ ಮನುಷ್ಯರೇ ಬೇರೆ ಆಗುತ್ತಾರೆ ಅಂತ ನನಗೆ ಗೊತ್ತಾದದ್ದು ಆ ದಿನ. ನಿಮ್ಮ ಕಾದಂಬರಿಯನ್ನು ಬೆಂಗಳೂರಿನಲ್ಲಿ ಯಾರಾದರೂ ತಿದ್ದುವಾಗ ಞ ತೆಗೆದು ಜ ಮಾಡಿದರೆ ಒಪ್ಪಬೇಡಿ.

ಇನ್ನು ಮನೆ ಹೆಸರು. ನೀವು ಎಡವಿದ್ದು ಅಲ್ಲೇ. ನಮ್ಮಲ್ಲಿ ಹೆಸರಿಗಿಂತ ಮನೆ ಹೆಸರೇ ದೊಡ್ಡ ಗುರುತು. ಹವ್ಯಕರಲ್ಲಿ ಅಜ್ಜನ ಹೆಸರು ಮೊಮ್ಮಗನಿಗೆ ಬರುತ್ತದೆ, ಹಾಗಾಗಿ ಊರು ತುಂಬ ಶಂಕರ ಭಟ್ಟರು, ಕೃಷ್ಣ ಭಟ್ಟರು. ಮನೆ ಹೆಸರು ಹೇಳದೆ ಯಾರೆಂದು ತಿಳಿಯುವುದಿಲ್ಲ. ಕೃಷ್ಣ ಭಟ್ ಅಂತ ಇಟ್ಟರೆ ಯಾರೂ ಕೇಳುವುದಿಲ್ಲ. ಅದರ ಹಿಂದೆ ಒಂದು ಮನೆ ಹೆಸರು ಸೇರಿಸಿದ ಕೂಡಲೇ ಅದು ಒಬ್ಬರೇ ಆಗುತ್ತಾರೆ. ಆದ್ದರಿಂದ ಮನೆ ಹೆಸರನ್ನು ನೀವೇ ಕಟ್ಟಿ. ಬಾಲ ನಮ್ಮ ಊರಿನದ್ದೇ ಇರಲಿ, ತಲೆ ನಿಮ್ಮದು. ಅಡ್ಕ, ಕಾನ, ಮೂಲೆ, ಪದವು, ಬೈಲು, ಜಾಲು. ಮುಂದೆ ಒಂದು ಮರವನ್ನೋ ಹೂವನ್ನೋ ಇಡಿ. ಕೇಪುಳ, ಕುಂಟಾಲ, ಪುನರ್ಪುಳಿ, ಈಂದು. ಆದರೆ ಜಾಗಕ್ಕೆ ಸರಿಯಾಗಬೇಕು. ಪದವು ಅಂದರೆ ಮೇಲೆ ಬಿಸಿಲು ಕಾಯುವ ಮುರಕಲ್ಲಿನ ಜಾಗ. ಅಡಿಕೆ ತೋಟದ ಮನೆಗೆ ಅದು ಹೊಂದುವುದಿಲ್ಲ. ಮೂಲೆ ಸರಿ. ಗುಡ್ಡದ ಬುಡ, ಗುಡ್ಡಕ್ಕೆ ಕೊರೆದ ಸುರಂಗದ ನೀರು, ತೋಟ, ಎಲ್ಲ ಅದರಲ್ಲೇ ಬಂತು.

ಹೆಸರು ಬೇಕಾದರೆ ಹಳೆಯ ಕಾಗದಗಳನ್ನು ನೋಡಿ. ಶಾಲೆಯ ಶತಮಾನೋತ್ಸವದ ಸಂಚಿಕೆ, ದೇವಸ್ಥಾನದ ದಾನಿಗಳ ಪಟ್ಟಿ, ಮನೆಯ ಅಟ್ಟದಲ್ಲಿ ಕಟ್ಟಿಟ್ಟ ಮದುವೆ ಕಾಗದ. ಒಂದರಿಂದ ಹೆಸರು, ಇನ್ನೊಂದರಿಂದ ಅಪ್ಪನ ಹೆಸರು ತೆಗೆದುಕೊಳ್ಳಿ. ಒಂದೇ ಸಾಲಿನಿಂದ ಎರಡೂ ತೆಗೆಯಬೇಡಿ.

ಅಡಿಕೆ ತೋಟದವಳು:

ಮಾವ, ನಿಮ್ಮ ಉತ್ತರ ಅಪ್ಪನಿಗೆ ಓದಿ ಹೇಳಿದೆ. ಕುಂಞಮ್ಮನ ಕಥೆ ಬರುವಾಗ ಅಪ್ಪ ಎದ್ದು ಹೊರಗೆ ಹೋದರು.

ಒಂದು ಕೇಳಲಾ? ಒಕ್ಕಲಿನ ಮನೆಯವರ ಹೆಸರು ನನಗೆ ತುಂಬ ಕಷ್ಟವಾಗುತ್ತಿದೆ. ತುಕ್ರ, ಐತ ಅಂತ ಇಟ್ಟರೆ ಕೀಳಾಗಿ ಕಂಡ ಹಾಗೆ ಆಗುತ್ತದಾ? ಬೇರೆ ಇಟ್ಟರೆ ಸುಳ್ಳು ಹೇಳಿದ ಹಾಗೆ ಆಗುತ್ತದಾ?

ಮೊಳೆ ಜೋಡಿಸುವವ:

ಇದು ನೀವು ಕೇಳಬೇಕಾದ ಪ್ರಶ್ನೆಯೇ. ನನ್ನ ಅಜ್ಜನ ಹೆಸರು ತನಿಯ. ಹಾಗಾಗಿ ಇದನ್ನು ನಾನು ಹೊರಗಿನಿಂದ ಹೇಳುತ್ತಿಲ್ಲ.

ಇವು ಹುಟ್ಟಿದ ವಾರದ ಹೆಸರುಗಳು. ಆದಿತ್ಯವಾರ ಹುಟ್ಟಿದವ ಐತ, ಸೋಮವಾರ ತೋಮ, ಮಂಗಳವಾರ ಅಂಗಾರ, ಬುಧವಾರ ಬೂದ, ಗುರುವಾರ ಗುರುವ, ಶುಕ್ರವಾರ ತುಕ್ರ, ಶನಿವಾರ ತನಿಯ. ತುಳುವಿನಲ್ಲಿ ಶುಕ್ರ ತುಕ್ರ ಆದ ಹಾಗೆ ಶನಿ ತನಿ ಆಯಿತು. ನಮ್ಮ ದೈವ ಕೊರಗಜ್ಜನ ಹೆಸರೂ ತನಿಯ ಅಲ್ವಾ? ಕೈಮುಗಿಯುವ ಹೆಸರು ಅದು. ಹೆಸರಿನಲ್ಲಿ ಕೀಳು ಏನೂ ಇಲ್ಲ.

ಕೀಳು ಮಾಡಿದ್ದು ಕರೆದ ರೀತಿ. ಒಂದೇ ಆದಿತ್ಯವಾರ ಇಬ್ಬರು ಹುಟ್ಟಿದರೆ ಗುತ್ತಿನ ಮನೆಯವ, ಅಂದರೆ ದೊಡ್ಡ ಮನೆತನದವ, ಐತಪ್ಪ, ಗದ್ದೆಯ ಬದಿಯವ ಐತ. ಆ 'ಪ್ಪ' ಯಾರಿಗೆ ಸಿಕ್ಕಿತು, ಯಾರಿಗೆ ಸಿಗಲಿಲ್ಲ ಅನ್ನುವುದೇ ನಿಮ್ಮ ಕಾದಂಬರಿ. ಎಂಟು ವರ್ಷದ ಹುಡುಗ ಅರುವತ್ತು ವರ್ಷದ ಅಜ್ಜನನ್ನು "ಓ ತನಿಯ" ಅಂತ ಕರೆಯುವುದನ್ನು ನಾನು ಕೇಳಿದ್ದೇನೆ. ಆ ಅಜ್ಜ ನನ್ನ ಕೈ ಹಿಡಿದುಕೊಂಡು ನಿಂತಿದ್ದರು. ಯಾವ ಪುಟದಲ್ಲಿ, ಯಾರ ಬಾಯಲ್ಲಿ ಮೊದಲ ಸಲ 'ತನಿಯಣ್ಣ' ಅಂತ ಬರುತ್ತದೆ ಅಂತ ನೀವು ಯೋಚಿಸಿ ಇಡಿ. ಅದು ಸಣ್ಣ ಸಂಗತಿಯಲ್ಲ.

ಇನ್ನೊಂದು. ನಿನ್ನೆ ಹಳೆಯ ಕ್ಯಾಲೆಂಡರ್ ಲೆಕ್ಕ ಹಾಕುತ್ತಾ ಕೂತಿದ್ದೆ. ನಿಮ್ಮ ಕಥೆ ಶುರುವಾಗುವ 1956ರ ನವೆಂಬರ್ 1 ಗುರುವಾರ. ಕೇರಳದಲ್ಲಿ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದು ಒಕ್ಕಲಿನವರಿಗೆ ಭೂಮಿಯ ಹಕ್ಕು ಸಿಕ್ಕಿದ್ದು 1970ರ ಜನವರಿ 1. ಅದೂ ಗುರುವಾರ. ಜಿಲ್ಲೆಯಾದ 1984ರ ಮೇ 24 ಕೂಡ ಗುರುವಾರ. ಎರಡೆರಡು ಸಲ ಎಣಿಸಿದೆ, ತಪ್ಪಿಲ್ಲ. ಮೊದಲ ದಿನ ನಿಮ್ಮ ಒಕ್ಕಲಿನ ಮನೆಯಲ್ಲಿ ಒಂದು ಗಂಡುಮಗು ಹುಟ್ಟಿದರೆ ಅವನ ಹೆಸರನ್ನು ನೀವು ಹುಡುಕಬೇಕಾಗಿಲ್ಲ.

ಅವನು ಶಾಲೆಗೆ ಸೇರುವ ದಿನವನ್ನೂ ಬಿಡಬೇಡಿ. ಆಗ ಮಾಷ್ಟ್ರುಗಳು ರಿಜಿಸ್ಟರಿನಲ್ಲಿ ಹೆಸರು ತಿದ್ದಿ ಬರೆಯುವುದಿತ್ತು. ನಿಮ್ಮ ಕಥೆಯಲ್ಲಿ ಮಾಷ್ಟ್ರು ಇದ್ದಾರಲ್ಲ.

ಉಪ್ಪಳದ ಓದುಗಿ:

ಅಂಗಡಿಯವರಿಗೆ ಏನು ಹೆಸರು ಇಟ್ಟಿದ್ದೀರಿ ಅಂತ ನೀವು ಬರೆಯಲಿಲ್ಲ. ಮುಸ್ಲಿಂ ಅಂಗಡಿಯವರಾದರೆ ದಯವಿಟ್ಟು ಸಲೀಂ ಅಂತ ಇಡಬೇಡಿ. ಕನ್ನಡದ ಕಥೆಗಳಲ್ಲಿ ನಮ್ಮವರು ಬಂದರೆ ಹೆಚ್ಚಾಗಿ ಗಂಡಸು ಸಲೀಂ, ಹೆಂಗಸು ಫಾತಿಮಾ. 1956ರಲ್ಲಿ ಕುಂಬಳೆ, ಬದಿಯಡ್ಕ ಪೇಟೆಯಲ್ಲಿ ವಯಸ್ಸಾದ ಅಂಗಡಿಯವರು ಮೊಯ್ದು, ಮೂಸ, ಅಂದುಞ್ಞಿ, ಮಮ್ಮುಞ್ಞಿ ಇರುತ್ತಿದ್ದರು. ಫಾತಿಮ ಮನೆಯಲ್ಲಿ ಪಾತುಮ್ಮ ಆಗುತ್ತಾಳೆ, ಆಯಿಷ ಆಯಿಸು ಆಗುತ್ತಾಳೆ. ನನ್ನ ಅಜ್ಜಿ ಬೀಫಾತಿಮ. ಬೀಪಾತು ಅಂತ ಕರೆದರೆ ಮಾತ್ರ ತಿರುಗಿ ನೋಡುತ್ತಿದ್ದರು.

ಕಿರಿಯರು ಕರೆಯುವಾಗ ಕೊನೆಗೆ 'ಇಚ್ಚ' ಸೇರುತ್ತದೆ. ಇಚ್ಚ ಅಂದರೆ ಅಣ್ಣ. ಮೂಸಚ್ಚ ಅಂದ ಕೂಡಲೇ ಕಾಸರಗೋಡು ಅಂತ ಗೊತ್ತಾಗುತ್ತದೆ. ಹಾಗಂತ ಎಲ್ಲರಿಗೂ ಅದು ಬರುವುದಿಲ್ಲ. ಉಪ್ಪಳದಲ್ಲಿ ಉರ್ದು ಮಾತಾಡುವ ಮನೆಗಳಿವೆ, ಅಲ್ಲಿ ಕರೆಯುವ ರೀತಿಯೇ ಬೇರೆ. ಯಾವ ಮನೆ ಅಂತ ಮೊದಲು ನಿರ್ಧರಿಸಿ.

ಇಷ್ಟು ಹೇಳುತ್ತಿರುವುದು ಯಾಕೆಂದರೆ, ಕಥೆಯಲ್ಲಿ ಅಜ್ಜಿಯ ಹೆಸರು ಸರಿಯಾಗಿ ಬಂದರೆ ನಾನು ಆ ಪುಟದಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ. ಸಲೀಂ ಬಂದರೆ ಇದು ನಮ್ಮ ಬಗ್ಗೆ ಅಲ್ಲ ಅಂತ ಪುಟ ಮಗುಚುತ್ತೇನೆ.

ಅಡಿಕೆ ತೋಟದವಳು:

ಎಲ್ಲರಿಗೂ ವಂದನೆ. ನಾಲ್ಕು ದಿನ ಬರೆಯಲಿಲ್ಲ, ಕಾಗದ ಮಾಡುತ್ತಾ ಕೂತಿದ್ದೆ. ಹದಿನಾಲ್ಕು ಮದುವೆ ಕಾಗದ, ಹದಿನಾಲ್ಕು ಉತ್ತರಕ್ರಿಯೆ ಕಾಗದ. ಮಾವ ಹೇಳಿದ್ದು ಸರಿ. ಮೂವರಿಗೆ ಉತ್ತರಕ್ರಿಯೆ ಕಾಗದ ಬರೆಯಲು ಆಗಲೇ ಇಲ್ಲ. ಅವರಲ್ಲಿ ಇಬ್ಬರು ಕಥೆಗೆ ಬೇಡವೇ ಬೇಡ ಅಂತ ಗೊತ್ತಾಗಿ ತೆಗೆದೆ.

ಅಂಗಡಿಯವರು ಈಗ ಅಂದುಞ್ಞಿ. ಸಲೀಂ ಅಂತಲೇ ಇತ್ತು, ನಿಜ ಹೇಳುತ್ತೇನೆ ಅಕ್ಕ. ಅವರ ಹೆಂಡತಿಗೆ ಬೀಪಾತು ಅಂತ ಇಡಲು ನಿಮ್ಮ ಒಪ್ಪಿಗೆ ಬೇಕು. ಬೇಡ ಅಂದರೆ ಆಯಿಸು.

ಒಕ್ಕಲಿನ ಹುಡುಗ ಗುರುವ. ಅವನನ್ನು ಶಾಲೆಗೆ ಸೇರಿಸಲು ಅಪ್ಪ ತುಕ್ರ ಕರೆದುಕೊಂಡು ಹೋಗುತ್ತಾನೆ. ಮಾಷ್ಟ್ರು ಹೆಸರು ಕೇಳುತ್ತಾರೆ. ತುಕ್ರ ಹೇಳುತ್ತಾನೆ. ಮಾಷ್ಟ್ರು ಒಂದು ಗಳಿಗೆ ಪೆನ್ನು ಹಿಡಿದು ನಿಂತು 'ಗುರುವಪ್ಪ' ಅಂತ ಬರೆಯುತ್ತಾರೆ. ತುಕ್ರನಿಗೆ ಓದಲು ಬಾರದು. ಗುರುವನಿಗೂ ಇನ್ನೂ ಬಾರದು. ಹಾಗಾಗಿ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಎರಡನೇ ಕ್ಲಾಸಿನಲ್ಲಿ ಹಾಜರಿ ಪುಸ್ತಕದಲ್ಲಿ ಅವನೇ ಕೂಡಿಸಿಕೊಂಡು ಓದುತ್ತಾನೆ. ಈ ಭಾಗ ನಿನ್ನೆ ರಾತ್ರಿ ಬರೆದು ಮುಗಿಸಿದೆ. ಎರಡು ವರ್ಷದಲ್ಲಿ ಇಷ್ಟು ಸಲೀಸಾಗಿ ಯಾವುದೂ ಬಂದಿರಲಿಲ್ಲ. ಅವನ ಮಗಳು 1984ರ ಆ ಗುರುವಾರ ಹುಟ್ಟುತ್ತಾಳೆ. ಅವಳಿಗೆ ವಾರದ ಹೆಸರಿಲ್ಲ, ಪುಷ್ಪಲತಾ.

ಹವ್ಯಕರ ಮನೆಗೆ ಕುಂಟಾಲಮೂಲೆ ಅಂತ ಕಟ್ಟಿದ್ದೇನೆ. ಆ ಹೆಸರಿನ ಮನೆ ಯಾರಿಗಾದರೂ ಗೊತ್ತಿದ್ದರೆ ಈಗಲೇ ಹೇಳಿ, ಬದಲಿಸುತ್ತೇನೆ.

ಉಪ್ಪಳದ ಓದುಗಿ:

ಬೀಪಾತು ಅಂತಲೇ ಇಡಿ. ಆದರೆ ಅವಳಿಗೆ ಒಂದಾದರೂ ಮಾತು ಕೊಡಿ, ಬರೇ ಚಾ ತಂದುಕೊಡುವವಳಾಗಿ ಇಡಬೇಡಿ.

ಮೊಳೆ ಜೋಡಿಸುವವ:

ಕುಂಟಾಲಮೂಲೆಗೆ ಕಾಗದ ಮಾಡಿದ ನೆನಪು ನನಗಿಲ್ಲ. ಆದರೂ ಎಣ್ಮಕಜೆ ಕಡೆಯವರನ್ನು, ಪೈವಳಿಕೆ ಕಡೆಯವರನ್ನು ಒಮ್ಮೆ ಕೇಳುತ್ತೇನೆ. ಪುಸ್ತಕ ಅಚ್ಚಿಗೆ ಹೋಗುವ ಮೊದಲು ಪ್ರೂಫ್ ನನಗೆ ಕಳಿಸಿ ಮಗಳೇ. ಕಣ್ಣು ಈಗ ಅಷ್ಟು ಕಾಣುವುದಿಲ್ಲ, ಹೆಸರುಗಳನ್ನು ಮಾತ್ರ ನೋಡಿಕೊಡುತ್ತೇನೆ.